ಸಾಕುನಾಯಿಯ ಋಣ

ನಾಯಿಯನ್ನು ಸಾಕುವುದೆಂದರೆ ಅದಕ್ಕೆ ಅನ್ನವಿಕ್ಕಿ ಬಾಗಿಲಲ್ಲಿ ಕಟ್ಟುವುದೆಂದು ಬಹುಮಂದಿ ತಿಳಿದಿರುತ್ತಾರೆ. ಉಂಡ ಅನ್ನದ ಋಣವನ್ನು ನಾಯಿಯೇನೋ ತೀರಿಸುತ್ತದೆ. ನಮ್ಮ ಋಣ ಮಾತ್ರ ಅಷ್ಟಕ್ಕೆ ತೀರುವುದಿಲ್ಲ. ನಾಯಿಗೆ ತಿಳಿಯಲಾರದ ಅಪಾಯಗಳನ್ನು ಅದರ ಪರವಾಗಿ ನಾವು ತಿಳಿದಿರಬೇಕು; ಅದರಿಂದ ಪರರಿಗೆ ಆಗಬಹುದಾದ ಕೇಡಿಗೂ ನಾವೇ ಹೊಣೆಗಾರರು. ಈ ಹೊಣೆ ಎಷ್ಟು ದೂರ ಹರಡಿದೆಯೆಂಬುದನ್ನು ಅರಿಯಲು, ಮನೆ, ಕಾಡು, ಕೆರೆಗಳು ಒಂದಕ್ಕೊಂದು ಅಂಟಿಕೊಂಡಿರುವ ಸೊರಬ ತಾಲ್ಲೂಕಿನ ಗುಡವಿಯಂಥ ಊರು ಒಳ್ಳೆಯ ನಿದರ್ಶನ. ಗುಡವಿಯ ಮಾತಿಗೆ ಮುಂಚೆ ನಾಯಿಯ ವಿಚಾರವನ್ನೇ ನಾಲ್ಕು ಮಾತಿನಲ್ಲಿ ನೋಡೋಣ.

ಕನ್ನಡನಾಡಿನಲ್ಲಿ ಈ ಋಣದ ಪ್ರಜ್ಞೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ಶಕ 872ರದು, ಎಂದರೆ ಕ್ರಿ.ಶ. 949–50ರದು. ಗಂಗರ ಬೂತುಗನು ತನ್ನ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಮಣಲೇರನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಕಾಳಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಸತ್ತ ನಾಯಿಗಾಗಿ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಪೂಜೆಮಾಡದೆ ಉಣ್ಣುವ ಪೂಜಾರಿಗೆ ಆ ನಾಯಿಯ ಪಾಪ ತಟ್ಟಲೆಂಬ ಮಾತೂ ಅಲ್ಲಿದೆ. ಸತ್ತ ನಾಯಿಗೆ ಕಲ್ಲು ನೆಟ್ಟ ನಾಡಿನವರು ಬದುಕಿರುವ ನಾಯಿಯ ಅಗತ್ಯಗಳನ್ನು ಕಡೆಗಣಿಸುವುದು ತರವಲ್ಲ.

ಮೊದಲನೆಯ ಅಗತ್ಯ, ಅದರ ಸ್ವಭಾವವನ್ನು ಅರಿಯುವುದು. ತೋಳದ ಕುಲದಿಂದ ಬಂದ ಈ ಪ್ರಾಣಿ ಕನಿಷ್ಠ 14 ಸಾವಿರ ವರ್ಷಗಳಿಂದ ಮನುಷ್ಯನ ಸಂಗಾತಿಯಾಗಿದೆ. ನಾವು ಲೋಕವನ್ನು ಹೆಚ್ಚಾಗಿ ಕಣ್ಣಿನಿಂದ ಅರಿತರೆ, ಅದು ಮೂಗಿನಿಂದ ಅರಿಯುತ್ತದೆ. ದಾರಿಯಲ್ಲಿ ನಿಂತು ನಿಂತು ಮೂಸುವುದು ಅದರ ವಿದ್ಯಾಭ್ಯಾಸವೇ ಸರಿ. ಬಾಲವಾಡಿಸುವುದೆಲ್ಲ ಸಂತೋಷದ ಗುರುತಲ್ಲ. ಮೈ ಸೆಟೆದು, ಮುಖ ತಿರುಗಿಸಿ, ತುಟಿಯನ್ನು ನೆಕ್ಕಿಕೊಳ್ಳುತ್ತಿದ್ದರೆ ಅದಕ್ಕೆ ಅಂಜಿಕೆಯೋ ಬೇಸರವೋ ಆಗಿದೆಯೆಂದು ತಿಳಿಯಬೇಕು. ಗುರುಗುಟ್ಟುವುದು ಎಚ್ಚರಿಕೆಯ ಮಾತು. ಅದಕ್ಕೆ ಹೊಡೆದರೆ ನಾಯಿ ಎಚ್ಚರಿಸುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿತೀತು. ಉಣ್ಣುವಾಗ, ಮಲಗಿರುವಾಗ, ಮರಿಗಳೊಡನಿರುವಾಗ ಅದನ್ನು ಮುಟ್ಟಬಾರದೆಂದು ಮಕ್ಕಳಿಗೆ ಹೇಳಿಕೊಡುವುದು ಹಿರಿಯರ ಕರ್ತವ್ಯ. ತಳಿಯ ಮೋಹವೂ ವಿವೇಕವನ್ನು ಮೀರಬಾರದು. ಓಟಕ್ಕೂ ಬೇಟೆಗೂ ಹೆಸರಾದ ಮುಧೋಳದ ನಾಯಿಯನ್ನು ಎರಡು ಕೋಣೆಯ ಮನೆಯಲ್ಲಿ ಕೂಡಿಹಾಕಿದರೆ ಅದು ಕೆಡುವುದು ನಾಯಿಯ ದೋಷವಲ್ಲ. ನಾಯಿಯನ್ನು ಅತಿಯಾಗಿ ಗಿಡ್ಡವಾದ ಇಲ್ಲವೆ ಭಾರವಾದ ಸರಪಳಿಯಲ್ಲಿ ಬಹುಹೊತ್ತು ಕಟ್ಟುವುದೂ, ಕಟ್ಟಿದ ನಾಯಿಗೆ ಅಡ್ಡಾಟವಿಲ್ಲದಂತೆ ಮಾಡುವುದೂ, ಬೇಡವಾದಾಗ ಬೀದಿಪಾಲು ಮಾಡುವುದೂ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧ.

ಆಹಾರದ ವಿಷಯದಲ್ಲಿ ಪ್ರೀತಿಗಿಂತ ತಿಳಿವಳಿಕೆ ಮೇಲು. ಚಾಕೊಲೇಟು, ದ್ರಾಕ್ಷಿ, ಈರುಳ್ಳಿಗಳು ನಾಯಿಗೆ ವಿಷ. ಬೇಯಿಸಿದ ಮೂಳೆ ಸೀಳಿ ಗಂಟಲನ್ನೋ ಕರುಳನ್ನೋ ಕೊರೆಯಬಹುದು. ನಮ್ಮಂತೆ ಮೈತುಂಬ ಬೆವರಿ ತಣಿಯುವ ಶಕ್ತಿ ನಾಯಿಗಿಲ್ಲ. ಏದುಸಿರಿನಿಂದಲೇ ಅದು ತನ್ನ ಕಾವನ್ನು ಕಳೆಯಬೇಕು. ಬಿಸಿಲಿನಲ್ಲಿ ಮುಚ್ಚಿದ ಮೋಟಾರಿನೊಳಗೆ ಅದನ್ನು ಬಿಟ್ಟುಹೋದರೆ ಅಲ್ಪಕಾಲದಲ್ಲೇ ಪ್ರಾಣಕ್ಕೆ ಕುತ್ತು.

ಎಲ್ಲಕ್ಕಿಂತ ದೊಡ್ಡ ಹೊಣೆ ಹುಚ್ಚುನಾಯಿ ರೋಗದ್ದು. ಲೂಯಿ ಪಾಶ್ಚರನು 1885ರಲ್ಲಿ ಮನುಷ್ಯನ ಮೇಲೆ ಇದರ ಲಸಿಕೆಯನ್ನು ಮೊದಲು ಪ್ರಯೋಗಿಸಿದನು. 1907ರಲ್ಲಿ ನಮ್ಮ ನೆರೆಯ ಕೂನೂರಿನಲ್ಲಿ ಅವನ ಹೆಸರಿನ ಸಂಸ್ಥೆ ತಲೆಯೆತ್ತಿತು. ಇಷ್ಟಾದರೂ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ತೀರ ವಿರಳ. ಆದುದರಿಂದ ಮರಿಗೆ ಮೂರು ತಿಂಗಳಾದಾಗ ಲಸಿಕೆ ಹಾಕಿಸಿ, ಬಳಿಕ ಪಶುವೈದ್ಯರು ಹೇಳಿದ ಅವಧಿಗೆ ತಪ್ಪದೆ ಮರಳಿ ಹಾಕಿಸಬೇಕು. ನಾಯಿ ಕಚ್ಚಿದರೆ ಗಾಯವನ್ನು ಕೂಡಲೆ ಹರಿಯುವ ನೀರು, ಸೋಪುಗಳಿಂದ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದಪುಡಿಗಳನ್ನು ಮೆತ್ತದೆ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದಷ್ಟು ಚುಚ್ಚುಮದ್ದುಗಳನ್ನೂ ತೆಗೆದುಕೊಳ್ಳಬೇಕು. ಸಾಕಿದ ನಾಯಿಯೆಂಬ ಭರವಸೆಯಿಂದ ಸುಮ್ಮನಿರುವುದು ಸಲ್ಲದು.

ಇನ್ನು ಸೊರಬದ ಸೀಮೆಗೆ ಬರೋಣ. ಈ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ, 1957ರಲ್ಲಿ ಹೊಸದೊಂದು ಜ್ವರದ ವೈರಸ್ಸು ಪತ್ತೆಯಾಯಿತು. ಆ ಕಾಡಿನ ಹೆಸರನ್ನೇ ಪಡೆದ ಅದನ್ನು ಜನ ಮಂಗನ ಕಾಯಿಲೆಯೆನ್ನುತ್ತಾರೆ. ಅದನ್ನು ಮನುಷ್ಯನಿಗೆ ತಗುಲಿಸುವುದು ಕಾಡಿನ ಉಣುಗು; ಚಳಿಗಾಲದಿಂದ ಬೇಸಗೆಯವರೆಗೆ, ಮರಿ ಉಣುಗುಗಳು ಹೆಚ್ಚಿರುವ ಕಾಲದಲ್ಲಿ, ಅದರ ಕಾಟ ಅಧಿಕ. ಮನೆಯ ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವ ಕಂದು ಉಣುಗು ಬೇರೆ ಜಾತಿಯದು. ಅದು ನಾಯಿಗೇ ರಕ್ತದ ಜ್ವರವನ್ನು ತರುತ್ತದೆ. ಕಾಡಿನಲ್ಲಿ ಅಲೆದ ನಾಯಿಯಾದರೋ ಯಾವ ಜಾತಿಯ ಉಣುಗನ್ನು ಮೈಮೇಲೆ ಹೊತ್ತು ತಂದಿದೆಯೆಂದು ಹೇಳಬರುವುದಿಲ್ಲ. ಆದ ಕಾರಣ ಈ ಸೀಮೆಯಲ್ಲಿ ನಾಯಿಯನ್ನು ಕಾಡಿಗೆ ಬಿಡದಿರುವುದು ಲೇಸು. ಹೋಗಿ ಬಂದರೆ ಕಿವಿ, ಕತ್ತು, ಬೆರಳಸಂದುಗಳನ್ನು ಹುಡುಕಿ, ಉಣುಗನ್ನು ಬರಿಗೈಯಿಂದ ಹಿಸುಕದೆ ಚಿಮುಟದಿಂದ ಬುಡಕ್ಕೆ ಹಿಡಿದು ಕೀಳಬೇಕು. ಪಶುವೈದ್ಯರು ಕೊಡುವ ಉಣುಗಿನ ಔಷಧವನ್ನೂ ಬಳಸಬೇಕು.

ಗುಡವಿಯ ಪಕ್ಷಿಧಾಮ ಸೊರಬ ಪಟ್ಟಣಕ್ಕೆ ಸುಮಾರು 16 ಕಿಲೋಮೀಟರು ದೂರದಲ್ಲಿದೆ. ಅದರ ವಿಸ್ತಾರ 74 ಹೆಕ್ಟೇರಿನಷ್ಟು. ಮಳೆಗಾಲದಲ್ಲಿ ಕೆರೆ ತುಂಬಿದಾಗ, ನೀರಿನಲ್ಲಿ ನಿಂತ ಮರಗಳ ಮೇಲೆ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿ ಮರಿಮಾಡುತ್ತವೆ. ಅವು ನೀರಿನ ನಡುವೆ ಗೂಡು ಕಟ್ಟುವುದು ನೆಲದ ಶತ್ರುಗಳಿಗೆ ಹೆದರಿ. ದಡದಲ್ಲಿ ಓಡಾಡುವ ನಾಯಿ ಏನೊಂದು ಕೇಡು ಮಾಡದಿದ್ದರೂ ಅದರ ಇರವೇ ಹಕ್ಕಿಗಳಿಗೆ ಭಯ. ಬೆದರಿದ ತಾಯಿ ಗೂಡು ಬಿಟ್ಟು ಹಾರಿದರೆ ಮರಿಗಳು ಮಳೆಗೂ ಹದ್ದುಗಳಿಗೂ ತುತ್ತಾಗಬಹುದು. ಗೂಡಿನಿಂದ ಜಾರಿ ದಡ ಸೇರಿದ ಮರಿಯನ್ನಂತೂ ಯಾವ ಸಾಧುನಾಯಿಯೂ ಬಿಡಲಾರದು. ಅದು ಅದರ ಕ್ರೌರ್ಯವಲ್ಲ, ಜಾತಿಧರ್ಮ. ನಗರದಿಂದ ಪಕ್ಷಿಗಳನ್ನು ನೋಡಹೋಗುವವರು ನಾಯಿಯನ್ನು ನಂಬಿಕೆಯ ನೆಂಟರ ಮನೆಯಲ್ಲಿ ಬಿಟ್ಟುಹೋಗುವುದೇ ಯೋಗ್ಯ. ಊರಿನ ನಾಯಿಗಳೂ ಲೆಕ್ಕಮೀರಿ ಬೆಳೆಯದಂತೆ ಸಂತಾನಹರಣ ಚಿಕಿತ್ಸೆ ಮಾಡಿಸುವುದು, ಎಂಜಲನ್ನು ಕಂಡಕಂಡಲ್ಲಿ ಚೆಲ್ಲದಿರುವುದು ಎಲ್ಲರ ಕೆಲಸ.

ಉಣುಗು ರೋಗ ತರುವುದೆಂದು ನಾಯಿಗೆ ತಿಳಿಯದು; ಕೆರೆಯ ಗೂಡುಗಳನ್ನು ಕೆಡಿಸಬಾರದೆಂದೂ ತಿಳಿಯದು. ಅದಕ್ಕೆ ತಿಳಿದಿರುವುದು ತನ್ನನ್ನು ಸಾಕಿದವರ ದನಿಯೊಂದೇ. ಆ ದನಿ ಕರೆದಾಗ ಬರುವಂತೆ, ತಡೆದಾಗ ನಿಲ್ಲುವಂತೆ ಅದನ್ನು ತಾಳ್ಮೆಯಿಂದ ಪಳಗಿಸುವ ಕೆಲಸವನ್ನು ಮರಿ ಮನೆಗೆ ಬಂದ ದಿನದಿಂದಲೇ ಆರಂಭಿಸಬೇಕು. ಹತ್ತು ಹನ್ನೆರಡು ವರ್ಷಗಳ ಕಾಲ ಇಷ್ಟನ್ನೂ ನಡೆಸಬಲ್ಲೆವೆಂಬ ನಿಶ್ಚಯವಿದ್ದವರು ನಾಯಿಯನ್ನು ತರಲಿ. ಇಲ್ಲದವರು ತರದಿರುವುದೇ ಅದಕ್ಕೆ ಮಾಡುವ ಉಪಕಾರ.