ಕೇಳೋರಿಲ್ಲದ ಡಾಲರ್ ಎಲ್ಲಿಗೆ ಹೋಗುತ್ತೆ?

ಅಮೆರಿಕದಲ್ಲಿ ಐದಾರು ವರ್ಷ ದುಡಿದು ಬೆಂಗಳೂರಿಗೋ ಮೈಸೂರಿಗೋ ವಾಪಸ್ ಬಂದವರು ಈಗ ನಮ್ಮ ಬಡಾವಣೆಗಳಲ್ಲಿ ಬೇಕಾದಷ್ಟು ಜನ ಸಿಗ್ತಾರೆ. ವೀಸಾ ಮುಗೀತು, ಕೆಲಸ ಹೋಯ್ತು, ಊರಲ್ಲಿ ಅಪ್ಪನಿಗೆ ಹುಷಾರಿಲ್ಲ. ಕಾರಣ ಏನೇ ಇರಲಿ, ಹೊರಡೋದು ಮಾತ್ರ ಅವಸರದಲ್ಲೇ. ಕರೆಂಟ್ ಕಂಪನಿಗೆ ಕಟ್ಟಿದ್ದ ಡಿಪಾಸಿಟ್, ಕೊನೇ ಸಂಬಳದ ಚೆಕ್, ಬ್ಯಾಂಕಿನಲ್ಲಿ ಉಳಿದ ಇನ್ನೂರು ಮುನ್ನೂರು ಡಾಲರ್, ಕಂಪನಿ ಕೊಟ್ಟಿದ್ದ ಒಂದಿಷ್ಟು ಷೇರು. ಇವುಗಳಲ್ಲಿ ಒಂದಾದರೂ ಅಲ್ಲೇ ಉಳಿದುಬಿಡುತ್ತೆ. ಹೋದ ದುಡ್ಡು ಹೋಯ್ತು, ಕಂಪನಿ ನುಂಗಿಹಾಕಿರುತ್ತೆ ಅಂತ ನಾವು ಸುಮ್ಮನಾಗ್ತೀವಿ.

ನುಂಗೋ ಹಾಗಿಲ್ಲ ಸ್ವಾಮಿ. ಅಮೆರಿಕದ 50 ರಾಜ್ಯಗಳಲ್ಲೂ ಇದಕ್ಕೆ ಕಾನೂನಿದೆ. ಗ್ರಾಹಕನಿಗೋ ನೌಕರನಿಗೋ ಸೇರಬೇಕಾದ ಹಣ ಕಂಪನಿಯ ಲೆಕ್ಕದಲ್ಲಿ ಕೊಳೆಯುತ್ತಾ ಬಿದ್ದಿದ್ದರೆ, ಅದನ್ನು ಲಾಭ ಅಂತ ಬರೆದುಕೊಳ್ಳೋ ಅಧಿಕಾರ ಕಂಪನಿಗಿಲ್ಲ. ನಿಗದಿತ ಅವಧಿ ಕಾಯಬೇಕು. ಸಂಬಳದ ಹಣಕ್ಕೆ ಹಲವು ರಾಜ್ಯಗಳಲ್ಲಿ ಒಂದೇ ವರ್ಷ. ಬ್ಯಾಂಕ್ ಖಾತೆಗೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಅಷ್ಟರಲ್ಲಿ ಯಾರೂ ಕೇಳದಿದ್ದರೆ, ಮೊದಲು ಆ ವ್ಯಕ್ತಿಯ ಕೊನೆಯ ವಿಳಾಸಕ್ಕೆ ಕಾಗದ ಹಾಕಬೇಕು. ತೀರಾ ಚಿಲ್ಲರೆ ಮೊತ್ತಕ್ಕೆ ಈ ಕಾಗದದಿಂದ ವಿನಾಯಿತಿ ಉಂಟು. ಉತ್ತರ ಬರದಿದ್ದರೆ ಹೆಸರು, ವಿಳಾಸ, ಮೊತ್ತ ಎಲ್ಲ ಬರೆದು ರಾಜ್ಯಕ್ಕೆ ವರದಿ ಒಪ್ಪಿಸಿ ಹಣವನ್ನೂ ಕಟ್ಟಬೇಕು. ಬಹುಪಾಲು ರಾಜ್ಯಗಳಿಗೆ ನವೆಂಬರ್ 1 ಕೊನೆಯ ದಿನ. ಟೆಕ್ಸಾಸ್‌ಗೆ ಜುಲೈ 1, ಡೆಲವೇರ್‌ಗೆ ಮಾರ್ಚ್ 1. ತಪ್ಪಿದರೆ ದಂಡ, ಬಡ್ಡಿ. ಕೊಡೋದೇನೂ ಇಲ್ಲದಿದ್ದರೂ 'ಏನೂ ಇಲ್ಲ' ಅಂತಲೇ ವರದಿ ಕೊಡಿ ಅನ್ನೋ ರಾಜ್ಯಗಳೂ ಇವೆ.

ಸರಿ, ಯಾವ ರಾಜ್ಯಕ್ಕೆ ಕೊಡಬೇಕು? ಕಂಪನಿ ಒಂದು ಕಡೆ, ಕೆಲಸಗಾರ ಇನ್ನೊಂದು ಕಡೆ, ನೋಂದಣಿ ಮತ್ತೊಂದು ಕಡೆ. ಇದೇ ಜಗಳ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಸನ್ ಆಯಿಲ್ ಕಂಪನಿಯ ಬಳಿ ಉಳಿದಿದ್ದ ಸುಮಾರು 26 ಸಾವಿರ ಡಾಲರ್ ಯಾರಿಗೆ ಅಂತ ಟೆಕ್ಸಾಸ್, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಕಚ್ಚಾಡಿದವು. ವಕೀಲರ ಫೀಸೇ ಅದಕ್ಕಿಂತ ಜಾಸ್ತಿ ಆಗಿರಬೇಕು! ಆದರೆ 1965ರಲ್ಲಿ ಬಂದ ಆ ತೀರ್ಪು ಇವತ್ತಿಗೂ ನಡೀತಿದೆ. ಕಂಪನಿಯ ಪುಸ್ತಕದಲ್ಲಿ ಹಣದ ಮಾಲೀಕನ ಕೊನೆಯ ವಿಳಾಸ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯಕ್ಕೆ ಮೊದಲ ಹಕ್ಕು. ವಿಳಾಸವೇ ಇಲ್ಲದಿದ್ದರೆ ಕಂಪನಿ ನೋಂದಣಿಯಾದ ರಾಜ್ಯಕ್ಕೆ.

ಇಲ್ಲೇ ನಮ್ಮವರು ಎಡವೋದು. ನೀವು ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡಿದ್ರಿ, ಊರಿಗೆ ಬರುವಾಗ ಜಾಣತನದಿಂದ ಮೈಸೂರಿನ ವಿಳಾಸ ಕೊಟ್ಟು ಬಂದ್ರಿ ಅಂದುಕೊಳ್ಳಿ. ಒಳ್ಳೇದೇ, ಕಾಗದ ಬಂದ್ರೆ ಸಿಗುತ್ತೆ. ಆದರೆ ವಿಳಾಸ ವಿದೇಶದ್ದಾದರೆ ಹಣ ಹೋಗೋದು ಸಾಮಾನ್ಯವಾಗಿ ಕಂಪನಿ ನೋಂದಣಿಯಾದ ರಾಜ್ಯಕ್ಕೆ. ಅಮೆರಿಕದ ಅತಿ ದೊಡ್ಡ 500 ಕಂಪನಿಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ನೋಂದಣಿಯಾಗಿರೋದು ಡೆಲವೇರ್‌ನಲ್ಲಿ. ಅಂದ್ರೆ ನೀವು ಜನ್ಮದಲ್ಲಿ ಕಾಲಿಡದ ರಾಜ್ಯದ ಖಜಾನೆಯಲ್ಲಿ ನಿಮ್ಮ ದುಡ್ಡು ಕೂತಿರಬಹುದು. ನೀವು ಕ್ಯಾಲಿಫೋರ್ನಿಯಾದ ಪಟ್ಟಿಯಲ್ಲಿ ಹೆಸರು ಹುಡುಕಿ, ಸಿಗಲಿಲ್ಲ ಅಂತ ಕೈಬಿಟ್ಟಿರ್ತೀರಿ.

ಡೆಲವೇರ್ ಅಂದ್ರೆ ಹತ್ತು ಲಕ್ಷ ಚಿಲ್ಲರೆ ಜನಸಂಖ್ಯೆಯ ಪುಟ್ಟ ರಾಜ್ಯ. ಅದರ ಬೊಕ್ಕಸಕ್ಕೆ ಈ ವಾರಸುದಾರರಿಲ್ಲದ ಹಣವೇ ದೊಡ್ಡ ಆದಾಯಗಳಲ್ಲೊಂದು. ಹಾಗಾಗಿ ಕಂಪನಿಗಳ ಮೇಲೆ ಅದರ ಕಣ್ಣು ಬಲು ಚುರುಕು. ಹಳೇ ದಾಖಲೆ ಇಲ್ಲದಿದ್ದರೂ ಅಂದಾಜಿನ ಮೇಲೆ ಲೆಕ್ಕ ಹಾಕಿ ದಶಕಗಳ ಹಿಂದಿನ ಬಾಕಿ ವಸೂಲಿಗೆ ಹೊರಟಿತ್ತು. ಟೆಂಪಲ್ ಇನ್‌ಲ್ಯಾಂಡ್ ಎಂಬ ಕಂಪನಿ ಕೋರ್ಟಿಗೆ ಹೋಯ್ತು, 2016ರಲ್ಲಿ ಫೆಡರಲ್ ನ್ಯಾಯಾಧೀಶರು ರಾಜ್ಯಕ್ಕೆ ಚೆನ್ನಾಗೇ ಬಿಸಿ ಮುಟ್ಟಿಸಿದರು. ಮರುವರ್ಷ ಕಾನೂನು ತಿದ್ದಬೇಕಾಯ್ತು. 2023ರಲ್ಲಿ ಮನಿಗ್ರಾಂ ಚೆಕ್‌ಗಳ ವಿಚಾರದಲ್ಲೂ ಸುಪ್ರೀಂ ಕೋರ್ಟ್ ಒಮ್ಮತದಿಂದ ಡೆಲವೇರ್ ವಿರುದ್ಧವೇ ತೀರ್ಪು ಕೊಟ್ಟಿತು. ಹೋಗಲಿ, ಅದು ಅವರವರ ಜಗಳ.

ನಮಗೆ ಬೇಕಾದ್ದು ಇಷ್ಟು. ಬಹುತೇಕ ರಾಜ್ಯಗಳಲ್ಲಿ ಹಣ ಸರ್ಕಾರದ ಸ್ವತ್ತಾಗೋದಿಲ್ಲ, ಸರ್ಕಾರ ಅದನ್ನು ಇಟ್ಟುಕೊಂಡಿರುತ್ತೆ ಅಷ್ಟೆ. ಹತ್ತು ವರ್ಷ ಬಿಟ್ಟು ಹೋಗಿ ಕೇಳಿದರೂ ಕೊಡುತ್ತೆ. ಆದರೆ ಷೇರಿನ ಕಥೆ ಬೇರೆ. ಷೇರನ್ನು ಬಹುತೇಕ ಕಡೆ ಮಾರಿಬಿಡ್ತಾರೆ. ನಿಮಗೆ ಸಿಗೋದು ಮಾರಿದ ದಿನದ ಬೆಲೆ. ಆಮೇಲೆ ಅದು ಹತ್ತು ಪಟ್ಟು ಏರಿದ್ದರೂ ಕೈಗೆ ಬರೋದಿಲ್ಲ. ನಾಲ್ಕೈದು ವರ್ಷ ಆ ಖಾತೆಗೆ ಲಾಗಿನ್ ಆಗದೆ ಇದ್ದವರು ಇವತ್ತೇ ಒಮ್ಮೆ ಲಾಗಿನ್ ಆಗಿ, ಒಂದು ಇಮೇಲ್ ಆದರೂ ಹಾಕಿ.

ನಮ್ಮ ದೇಶದಲ್ಲಿ ಏಳು ವರ್ಷ ಯಾರೂ ಕೇಳದ ಡಿವಿಡೆಂಡು, ಅದರ ಷೇರು ಎರಡೂ ಕೇಂದ್ರ ಸರ್ಕಾರದ ಒಂದೇ ನಿಧಿಗೆ ಹೋಗುತ್ತೆ, ಷೇರು ಷೇರಾಗಿಯೇ ವಾಪಸ್ ಸಿಗುತ್ತೆ. ಈ ಒಂದು ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು ಅನ್ನೋದು ನನ್ನ ಅಭಿಪ್ರಾಯ. ವಾಪಸ್ ಪಡೆಯೋ ಅರ್ಜಿಯ ಗೋಳು ಮಾತ್ರ ಇನ್ನೊಂದು ದಿನದ ಕಾರ್ಯಕ್ರಮಕ್ಕಾಗುತ್ತೆ.

ಮಗನನ್ನೋ ಮಗಳನ್ನೋ ಅಲ್ಲೇ ಕಳೆದುಕೊಂಡ ತಂದೆ ತಾಯಿಗಳೂ ನಮ್ಮ ಕಾರ್ಯಕ್ರಮ ನೋಡ್ತೀರಿ. ಆ ನೋವಿನಲ್ಲಿ ದುಡ್ಡಿನ ಮಾತು ಯಾರಿಗೆ ಬೇಕು? ಆದರೂ ಹೇಳಬೇಕು, ವಾರಸುದಾರರಿಗೂ ಈ ಹಣ ಕೇಳೋ ಹಕ್ಕಿದೆ. ಮರಣ ಪ್ರಮಾಣಪತ್ರ, ನೀವೇ ವಾರಸುದಾರರು ಅನ್ನೋದಕ್ಕೆ ದಾಖಲೆ, ಅವರು ಅಲ್ಲಿದ್ದ ಹಳೇ ವಿಳಾಸದ ಯಾವುದಾದರೂ ಕಾಗದ ಬೇಕಾಗುತ್ತೆ. ಹಳೇ ಬಿಲ್ಲು, ಬ್ಯಾಂಕಿನ ಸ್ಟೇಟ್‌ಮೆಂಟು ಎಸೀಬೇಡಿ.

ಹುಡುಕೋದಕ್ಕೆ ಕಾಸು ಕೊಡಬೇಕಿಲ್ಲ. ಮಿಸ್ಸಿಂಗ್ ಮನಿ ಡಾಟ್ ಕಾಂ ಅನ್ನೋ ತಾಣದಲ್ಲಿ ಬಹುಪಾಲು ರಾಜ್ಯಗಳ ಪಟ್ಟಿ ಒಟ್ಟಿಗೆ ಸಿಗುತ್ತೆ. ಜೊತೆಗೆ ಪ್ರತಿ ರಾಜ್ಯದ ಸರ್ಕಾರಿ ತಾಣವೂ ಇದೆ. ಹುಡುಕುವಾಗ ನಮ್ಮ ಹೆಸರುಗಳ ಪಾಡು ನೆನಪಿರಲಿ. ಇನಿಷಿಯಲ್ಲು, ಅಪ್ಪನ ಹೆಸರು, ಊರಿನ ಹೆಸರು ಹಿಂದೆ ಮುಂದೆ ಆಗಿರುತ್ತೆ. ನಾಲ್ಕೂ ಥರ ಟೈಪ್ ಮಾಡಿ ನೋಡಿ. ನಿಮ್ಮ ದುಡ್ಡು ತೆಗೆಸಿಕೊಡ್ತೀವಿ, ಮೊದಲು ಫೀಸ್ ಹಾಕಿ ಅಂತ ಯಾರಾದರೂ ಫೋನ್ ಮಾಡಿದರೆ ಫೋನ್ ಇಟ್ಟುಬಿಡಿ. ರಾಜ್ಯಕ್ಕೆ ನೇರವಾಗಿ ಅರ್ಜಿ ಹಾಕೋದಕ್ಕೆ ಫೀಸಿಲ್ಲ.