ಯಾವ ಮಾಡಲ್ ರೀ ಇದು?

ಸಂಗೊಳ್ಳಿ ರಾಯಣ್ಣನ ಉತ್ಸವ ನಡೆಯುವುದು ಜನವರಿಯಲ್ಲಿ. ಮಲಪ್ರಭೆಯ ದಂಡೆಯ ಸಂಗೊಳ್ಳಿಗೆ ಆಗ ಬೈಲಹೊಂಗಲ, ಕಿತ್ತೂರು, ಸವದತ್ತಿ ಕಡೆಯ ಜನ ಬಂದು ನೆರೆಯುತ್ತಾರೆ. ಕಳೆದ ಉತ್ಸವದಲ್ಲಿ ನನ್ನ ತಂಗಿಯ ಮಗ ಬಳೆ-ಬತ್ತಾಸಿನ ಸಾಲಿನಲ್ಲಿದ್ದ ಅಂಗಡಿಯೊಂದರಿಂದ ಸ್ಮಾರ್ಟ್‌ವಾಚ್ ಕೊಂಡ. ಹದಿನೈದು ದಿನಕ್ಕೆ ಅದರ ಚಾರ್ಜರ್ ವೈರನ್ನು ಇಲಿ ಕಡಿಯಿತು. ಹೊಸದು ತರಲು ಇಬ್ಬರೂ ಬೈಲಹೊಂಗಲದ ಪೇಟೆಗೆ ಹೋದೆವು.

“ಯಾವ ಮಾಡಲ್ ರೀ ಇದು?” ಮೊಬೈಲ್ ಅಂಗಡಿಯವರು ಕೇಳಿದರು.

“ಅಲ್ಟ್ರಾ,” ಅಂದ ಹುಡುಗ, ಎದೆಯುಬ್ಬಿಸಿ.

“ಎಲ್ಲಾ ಅಲ್ಟ್ರಾನ ಅದಾವ ತಮ್ಮಾ. ನಂಬರ್ ಹೇಳು.”

ನಂಬರ್ ಇರಲಿಲ್ಲ. ಡಬ್ಬಿಯನ್ನು ಉತ್ಸವದ ಬಯಲಿನಲ್ಲೇ ಒಗೆದು ಬಂದಿದ್ದ. ಮಾಮಾ, ನಿನಗರ ಗೊತ್ತದ ಏನು ಅನ್ನುವಂತೆ ನನ್ನ ಮುಖ ನೋಡಿದ. ನನಗೂ ಗೊತ್ತಿರಲಿಲ್ಲ.

ನಮ್ಮ ಅಜ್ಜನನ್ನು ಇದೇ ಪ್ರಶ್ನೆ ಕೇಳಿದ್ದರೆ ಅರೆಗಳಿಗೆಯೂ ತಡವಾಗುತ್ತಿರಲಿಲ್ಲ. ಹತ್ತಿಗೆ ಒಳ್ಳೆಯ ಧಾರಣೆ ಬಂದ ವರ್ಷ ಕೊಂಡ ಎಚ್‌ಎಂಟಿ ವಾಚು ಅವನದು. ಇಂಗ್ಲಿಷ್ ಅಕ್ಷರ ಬಾರದಿದ್ದರೂ “ನಂದು ಜನತಾ” ಎನ್ನುತ್ತಿದ್ದ. ಹೆಸರು ಡಯಲ್ ಮೇಲೇ ಇತ್ತು. ಓದಲು ಬರದವರಿಗೂ ಊರೇ ಓದಿ ಹೇಳಿತ್ತು.

ಎಚ್‌ಎಂಟಿ ಮೊದಲು ವಾಚಿನ ಕಂಪನಿಯೇ ಆಗಿರಲಿಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು ಯಂತ್ರಗಳನ್ನು ಮಾಡುವ ಯಂತ್ರಗಳ ಕಾರ್ಖಾನೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಅಲ್ಲೇ ವಾಚಿನ ಕಾರ್ಖಾನೆ ಬಂತು. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದವರು ನೆಹರೂ. 1978ರಲ್ಲಿ ತುಮಕೂರಿಗೂ ಒಂದು ಕಾರ್ಖಾನೆ ಬಂತು. ದೇಶಕ್ಕೆ 10 ಕೋಟಿಗೂ ಹೆಚ್ಚು ವಾಚು ಕೊಟ್ಟ ಕಂಪನಿ, ಪ್ರತಿಯೊಂದಕ್ಕೂ ಮಗುವಿಗೆ ಇಟ್ಟಂತೆ ಹೆಸರಿಟ್ಟಿತು: ಜನತಾ, ಪೈಲಟ್, ಜವಾನ್, ಕೊಹಿನೂರ್, ಸೋನಾ, ಹೆಂಗಸರಿಗೆ ಸುಜಾತಾ. ತಾನೇ ಕೀಲಿ ತುಂಬಿಕೊಳ್ಳುವ ಕಾಂಚನ ಅಂದರೆ ಮದುವೆ ಮಾತುಕತೆಯಲ್ಲಿ ಬೀಗರು ಹೆಸರು ಹಿಡಿದೇ ಕೇಳುತ್ತಿದ್ದ ವಾಚು.

ಆದರೆ ಮುಖದ ಮೇಲಿನ ಹೆಸರನ್ನು ನಂಬಿ ಕೆಟ್ಟವರೂ ಇದ್ದಾರೆ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಹಳೆಯ ವಾಚುಗಳ ಮೇಲೆ ಆಸೆ ಹೆಚ್ಚಿತು. ಸವೆದ ವಾಚಿಗೆ ಹೊಸ ಬಣ್ಣದ ಡಯಲ್ ಹಾಕಿ ‘ಪೈಲಟ್’ ಎಂದು ಅಚ್ಚೊತ್ತಿ ಮಾರುವವರಿದ್ದಾರೆ. ಸಂಗ್ರಾಹಕರು ಇಂಥವಕ್ಕೆ ‘ಮುಂಬೈ ಸ್ಪೆಷಲ್’ ಎಂದು ಅಡ್ಡಹೆಸರಿಟ್ಟಿದ್ದಾರೆ. ಬಲ್ಲ ರಿಪೇರಿಯವರು ಡಯಲ್ ನೋಡುವುದಿಲ್ಲ. ಹಿಂಬದಿಯ ಮುಚ್ಚಳ ಬಿಚ್ಚಿ ಒಳಗಿನ ಯಂತ್ರದ ಮೇಲೆ ಕೆತ್ತಿದ ಸಂಖ್ಯೆ ನೋಡುತ್ತಾರೆ. ವಾಚಿನ ಹಣೆಬರಹ ಅದರ ಬೆನ್ನಲ್ಲಿರುತ್ತದೆ ಎಂಬುದು ಅವರಿಗೆ ಮೊದಲಿನಿಂದ ಗೊತ್ತು.

ಬೆನ್ನಿನ ಬರಹವನ್ನು ಶಾಸ್ತ್ರವನ್ನಾಗಿ ಮಾಡಿದವರು ಜಪಾನಿನವರು. ಹಳೆಯ ಸೈಕೋ ವಾಚಿನ ಬೆನ್ನ ಮೇಲೆ ನಾಲ್ಕು ಅಂಕಿ, ಒಂದು ಅಡ್ಡಗೆರೆ, ಮತ್ತೆ ನಾಲ್ಕು ಅಂಕಿ ಇರುತ್ತವೆ. ಮೊದಲ ನಾಲ್ಕು ಒಳಗಿನ ಯಂತ್ರದ್ದು, ಆಮೇಲಿನ ನಾಲ್ಕು ಹೊರಕವಚದ್ದು. ಪಕ್ಕದ ಕ್ರಮಸಂಖ್ಯೆಯ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ದಶಕವನ್ನು ಮಾತ್ರ ನಾವೇ ಊಹಿಸಿಕೊಳ್ಳಬೇಕು. ಕ್ಯಾಸಿಯೋದಲ್ಲಿ ಇನ್ನೊಂದು ತಮಾಷೆ. 1989ರಿಂದ ಇಂದಿಗೂ ಮಾರಾಟವಾಗುತ್ತಿರುವ ಎಫ್-91ಡಬ್ಲ್ಯು ವಾಚಿನ ಬೆನ್ನಲ್ಲಿ ಚಿಕ್ಕ ಚೌಕದೊಳಗೆ 593 ಎಂದಿರುತ್ತದೆ. ಅದನ್ನೇ ಮಾಡಲ್ ಎಂದುಕೊಳ್ಳುವವರು ಬಹಳ. ಅದು ಒಳಗಿನ ಯಂತ್ರದ ನಂಬರು.

ಇಷ್ಟೆಲ್ಲ ಸಂಖ್ಯೆಗಳು ರಿಪೇರಿಯವರಿಗಾಗಿ ಬಂದವು. ಸ್ಮಾರ್ಟ್‌ವಾಚಿನ ನಂಬರು ಬಂದದ್ದು ಬೇರೆ ಕಾರಣಕ್ಕೆ. ಅಜ್ಜನ ಜನತಾ ತನ್ನಷ್ಟಕ್ಕೆ ಟಿಕ್‌ಟಿಕ್ ಎನ್ನುತ್ತಿತ್ತು, ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಸ್ಮಾರ್ಟ್‌ವಾಚ್ ಹಾಗಲ್ಲ, ಅದು ಮಣಿಕಟ್ಟಿಗೆ ಕಟ್ಟಿಕೊಂಡ ಪುಟ್ಟ ರೇಡಿಯೋ. ಬ್ಲೂಟೂತಿನಲ್ಲಿ ಫೋನಿನೊಡನೆ ಸದಾ ಪಿಸುಗುಡುತ್ತದೆ. ರೇಡಿಯೋ ತರಂಗ ಹೊಮ್ಮಿಸುವ ಸಾಧನಗಳನ್ನು ಮಾರಲು ಸಾಮಾನ್ಯವಾಗಿ ಸರ್ಕಾರಗಳ ಅನುಮೋದನೆ ಬೇಕು. ಅನುಮೋದನೆಗೆ ಕದಲದ ಗುರುತು ಬೇಕು. ಹೀಗಾಗಿ ಹೆಸರು ಗಿರಾಕಿಯ ಪಾಲಿಗೆ, ನಂಬರು ಸರ್ಕಾರದ ಪಾಲಿಗೆ ಎಂದು ಹಂಚಿಕೆಯಾಯಿತು.

ಇದು ಸ್ಪಷ್ಟವಾಗಿ ಕಾಣುವುದು ಆಪಲ್ ವಾಚಿನಲ್ಲಿ. 2015ರ ಏಪ್ರಿಲ್‌ನಲ್ಲಿ ಬಂದ ಮೊದಲ ಪೀಳಿಗೆಯಲ್ಲಿ ಅಲ್ಯೂಮಿನಿಯಂ, ಉಕ್ಕು, 18 ಕ್ಯಾರೆಟ್ ಚಿನ್ನ ಎಂದು ಮೂರು ಬಗೆಯಿದ್ದವು. ಬೆಲೆಯಲ್ಲಿ ಭೂಮಿ-ಆಕಾಶದ ಅಂತರ. ಆದರೆ 38 ಮಿ.ಮೀ. ಅಳತೆಯದೆಲ್ಲ ಎ1553, 42 ಮಿ.ಮೀ.ನದೆಲ್ಲ ಎ1554. ಕಾಯ್ದೆಯ ಕಣ್ಣಿಗೆ ಚಿನ್ನವೂ ಒಂದೇ, ಅಲ್ಯೂಮಿನಿಯಮ್ಮೂ ಒಂದೇ! ಇಂದಿಗೂ ಸೆಟ್ಟಿಂಗ್ಸ್, ಜನರಲ್, ಅಬೌಟ್ ಎಂದು ಒಳಹೊಕ್ಕರೆ ಮೊದಲು ‘ಎಂ’ನಿಂದ ಶುರುವಾಗುವ ಸಂಖ್ಯೆ ಕಾಣುತ್ತದೆ. ಅದು ಅಂಗಡಿಯ ಲೆಕ್ಕದ್ದು. ಅದರ ಮೇಲೆ ಒಮ್ಮೆ ಬೆರಳು ಒತ್ತಿದರೆ ‘ಎ’ ಸಂಖ್ಯೆಯಾಗುತ್ತದೆ. ಮಾಡಲ್ ಎಂದರೆ ಅದು. ಸ್ಯಾಮ್‌ಸಂಗ್‌ದು ಎಸ್‌ಎಂ-ಆರ್ ಎಂದು ಶುರುವಾಗುತ್ತದೆ. ಗ್ಯಾಲಕ್ಸಿ ವಾಚ್ 4ರ ಚಿಕ್ಕ ಅಳತೆಯದು ಎಸ್‌ಎಂ-ಆರ್860. ಅದಕ್ಕೇ ಸಿಮ್ ಸೌಲಭ್ಯ ಸೇರಿದರೆ ಆರ್865. ಕೊನೆಯ ಒಂದು ಅಂಕಿಯಲ್ಲಿ ಸಾವಿರಾರು ರೂಪಾಯಿ ಅಡಗಿದೆ, ಹಳೆಯದು ಕೊಳ್ಳುವವರು ನೋಡಿಕೊಳ್ಳಬೇಕು.

ನಮ್ಮಲ್ಲೂ ಕಾಯ್ದೆಯಿದೆ. ಎಲೆಕ್ಟ್ರಾನಿಕ್ ವಸ್ತುಗಳ ಕಡ್ಡಾಯ ನೋಂದಣಿಗೆ 2012ರಲ್ಲಿ ಆದೇಶ ಬಂತು. 2017ರಲ್ಲಿ ಸ್ಮಾರ್ಟ್‌ವಾಚನ್ನೂ ಆ ಪಟ್ಟಿಗೆ ಸೇರಿಸಿದರು. ಅಸಲಿ ಮಾಲಿನ ಮೇಲೋ ಡಬ್ಬಿಯ ಮೇಲೋ ಭಾರತೀಯ ಮಾನಕ ಬ್ಯೂರೋದ ಗುರುತು, ಐಎಸ್ 13252 ಎಂಬ ಮಾನಕ, ‘ಆರ್’ ಅಕ್ಷರದ ಮುಂದೆ ಎಂಟು ಅಂಕಿ ಇರುತ್ತವೆ. ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ತಯಾರಕರು ಯಾರೆಂದು ತಿಳಿಯುತ್ತದೆ. ಇದು ನನಗೆ ಸರ್ಕಾರ ಮಾಡಿದ ಅಪರೂಪದ ಸಲೀಸು ಕೆಲಸಗಳಲ್ಲಿ ಒಂದು ಅನಿಸಿದೆ.

ಹುಡುಗನ ‘ಅಲ್ಟ್ರಾ’ದ ಬೆನ್ನ ಮೇಲೆ ಹೃದಯದ ಬಡಿತ ನೋಡುವ ಹಸಿರು ದೀಪವಿತ್ತು, ಬರಹ ಮಾತ್ರ ಏನೂ ಇರಲಿಲ್ಲ. ಸೆಟ್ಟಿಂಗ್ಸ್‌ನ ‘ಅಬೌಟ್’ ತೆರೆದರೆ ಆಪಲ್ ಕಂಪನಿಯ ಹೆಸರೇ ಕಾಣಿಸಿತು. ಮುಂಬೈ ಸ್ಪೆಷಲ್ಲಿನ ಡಯಲ್ಲೇ ಇದು, ಬಣ್ಣದ ಬದಲು ಸಾಫ್ಟ್‌ವೇರ್ ಬಳಿದಿದ್ದಾರೆ ಅಷ್ಟೆ. ಆದರೆ ಅದು ನನ್ನ ತಂಗಿಯ ಆಂಡ್ರಾಯ್ಡ್ ಫೋನಿಗೆ ಜೋಡಿಯಾಗಿತ್ತು. ಅಸಲಿ ಆಪಲ್ ವಾಚ್ ಐಫೋನಿಗಲ್ಲದೆ ಬೇರೆಯದಕ್ಕೆ ಜೋಡಿಯಾಗುವುದೇ ಇಲ್ಲ. ಮಾತಿನಲ್ಲಿ ಸುಳ್ಳು ಹೇಳಿದವನು ಬೀಗರ ಮನೆ ಯಾವುದೆಂದು ಕೇಳಿದಾಗ ಸಿಕ್ಕಿಬಿದ್ದಂತಾಯಿತು. ಇಂಥ ವಾಚಿನ ಗುರುತು ಹಿಡಿಯಲು ಉಳಿಯುವ ದಾರಿ ಎರಡು: ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಅದು ಯಾವ ಹೆಸರಿನಿಂದ ಕಾಣುತ್ತದೆ, ಮತ್ತು ಅದರ ಕ್ಯೂಆರ್ ಕೋಡ್ ಯಾವ ಆ್ಯಪ್‌ಗೆ ಕರೆದೊಯ್ಯುತ್ತದೆ. ಒಂದೇ ಕಾರ್ಖಾನೆಯ ಮಾಲು ಹತ್ತು ಹೆಸರಲ್ಲಿ ಬಂದರೂ ಆ್ಯಪ್ ಸಾಮಾನ್ಯವಾಗಿ ಅದೇ ಇರುತ್ತದೆ.

ಚಾರ್ಜರ್ ವಿಷಯಕ್ಕೆ ಬಂದರೆ, ಅಂಗಡಿಯವರೇ ಗೆದ್ದರು. ಹುಡುಗನ ಕಂಪಾಸ್ ಪೆಟ್ಟಿಗೆಯ ಸ್ಕೇಲು ತೆಗೆಸಿ, ವಾಚಿನ ಬೆನ್ನ ಮೇಲಿನ ಎರಡು ಚುಕ್ಕಿಗಳ ನಡುವಿನ ಅಂತರ ಅಳೆದರು. ಅಯಸ್ಕಾಂತದ ಎರಡು ಪಿನ್ನಿನ ಚಾರ್ಜರ್‌ಗಳಲ್ಲಿ ಹೆಚ್ಚಾಗಿ ಓಡಾಡುವುದು 2.84 ಮತ್ತು 4 ಮಿ.ಮೀ. ಅಂತರದವು. ಇದು 4. ಡ್ರಾಯರಿನಿಂದ ಒಂದನ್ನು ತೆಗೆದು ಹತ್ತಿರ ತಂದದ್ದೇ ಟಪ್ ಎಂದು ಕಚ್ಚಿಕೊಂಡಿತು.

“ಮಾಡಲ್ ನಂಬರ್ ಬ್ಯಾಡೇನ್ರಿ?” ಅಂದೆ.

“ಇದಕ್ಕ ಇದ್ದರ ಅಲ್ರೀ,” ಅಂದರು.

ನೀವು ಹೊಸ ವಾಚು ಕೊಂಡಿದ್ದರೆ ಇವತ್ತೇ ಅದರ ಬೆನ್ನಿನದೊಂದು, ಡಬ್ಬಿಯ ಮೇಲಿನ ಚೀಟಿಯದೊಂದು ಫೋಟೋ ತೆಗೆದಿಡಿ. ಡಬ್ಬಿಯನ್ನು ಮಾತ್ರ ಉತ್ಸವದ ಬಯಲಿನಲ್ಲಿ ಒಗೆದು ಬರಬೇಡಿ.