ಅಳಿವೆಯಲ್ಲಿ ಬೀಳ್ಕೊಡುಗೆ, ಮರಳಿನಲ್ಲಿ ಗೂಡು

ಫೆಬ್ರವರಿ ನಡುವಿನಿಂದ ಮಾರ್ಚ್ ಕೊನೆಯವರೆಗಿನ ಆರು ವಾರಗಳು ಯುರೋಪು, ಅಮೆರಿಕಗಳಲ್ಲಿ ಹಕ್ಕಿಗಳು ಮರಳಿ ಬರಲಾರಂಭಿಸುವ ಕಾಲ. ಅಲ್ಲಿ ನೆಲೆಸಿರುವ ನಮ್ಮವರು ಕೆರೆಗೆ ಬಾತುಗಳು ಬಂದವೆಂದು ಸಂತೋಷದಿಂದ ತಿಳಿಸುವ ದಿನಗಳಲ್ಲೇ ಇಲ್ಲಿ, ಕರಾವಳಿಯ ಅಳಿವೆಗಳಲ್ಲಿ, ಹಕ್ಕಿಗಳ ಪ್ರಯಾಣದ ಸಿದ್ಧತೆ ನಡೆದಿರುತ್ತದೆ. ಆಗಸ್ಟ್‌ನಿಂದ ಮೊದಲ್ಗೊಂಡು ಬಂದಿಳಿದ ಅತಿಥಿಗಳು ಹೊರಡುತ್ತವೆ. ನಮ್ಮ ನಾಡಿನವೇ ಆದ ನೀರಹಕ್ಕಿಗಳು ಮೊಟ್ಟೆಯಿಡುತ್ತವೆ. ಈ ಎರಡೂ ಕೆಲಸ ನಡೆಯುವುದು ನಾವು ಖಾಲಿ ಜಾಗವೆಂದು ತಿಳಿದಿರುವ ಕೆಸರಿನಲ್ಲಿ ಮತ್ತು ಮರಳಿನಲ್ಲಿ ಎಂಬುದನ್ನು ಓದುಗರ ಗಮನಕ್ಕೆ ತರಬಯಸುತ್ತೇವೆ.

ಮೊದಲು ಎಲ್ಲರಿಗೂ ಪರಿಚಿತವಾದ ಹಕ್ಕಿಯನ್ನೇ ನೋಡೋಣ. ಮೀನುಗಾರಿಕಾ ದೋಣಿಗಳ ಹಿಂದೆ ಗುಂಪಾಗಿ ಹಾರುವ, ನಾವು ಸೀಗಲ್ ಎಂದು ಕರೆಯುವ ಬಿಳಿ ಕಡಲಹಕ್ಕಿಗಳಲ್ಲಿ ಕಂದುತಲೆಯ ಜಾತಿಯೊಂದಿದೆ. ಡಿಸೆಂಬರಿನಲ್ಲಿ ನೋಡಿದರೆ ಇದರ ತಲೆ ಕಂದಲ್ಲ, ಬಿಳಿಯೇ. ಕಣ್ಣಿನ ಹಿಂದೆ ಶಾಯಿ ಒರೆಸಿದಂತೆ ಒಂದು ಗುರುತು ಮಾತ್ರ. ಫೆಬ್ರವರಿ, ಮಾರ್ಚ್‌ನಲ್ಲಿ ಹೊಸ ಗರಿ ಬಂದು ತಲೆ ಕಾಫಿಪುಡಿಯ ಬಣ್ಣಕ್ಕೆ ತಿರುಗುತ್ತದೆ. ಒಂದೇ ಗುಂಪಿನಲ್ಲಿ ಬಿಳಿ ತಲೆ, ಅರ್ಧ ಕಂದು ತಲೆ, ಪೂರ್ತಿ ಕಂದು ತಲೆ ಮೂರೂ ಕಾಣಸಿಗುವುದು ಈ ವಾರಗಳಲ್ಲಿ. ಇವು ಮರಿ ಮಾಡುವುದು ಲಡಾಖ್ ಮತ್ತು ಟಿಬೆಟ್‌ನ ಎತ್ತರದ ಸರೋವರಗಳಲ್ಲಿ. ಬಣ್ಣ ತುಂಬಿತೆಂದರೆ ಹೊರಡುವ ದಿನ ಸಮೀಪಿಸಿತು ಎಂದರ್ಥ.

ಇವುಗಳಿಗಿಂತ ಚಿಕ್ಕವಾದ, ಕೆಸರಿನ ಬಣ್ಣದಲ್ಲೇ ಬೆರೆತುಹೋಗುವ ಪ್ಲೋವರ್ ಹಾಗೂ ಸ್ಯಾಂಡ್‌ಪೈಪರ್‌ಗಳದ್ದು ಇನ್ನೂ ಕಷ್ಟದ ಪ್ರಯಾಣ. ಗುಬ್ಬಚ್ಚಿಗಿಂತ ತುಸು ದೊಡ್ಡದಾದ ಈ ಹಕ್ಕಿಗಳು ಸಾವಿರಾರು ಕಿಲೋಮೀಟರ್ ಹಾರಬೇಕು. ಅದಕ್ಕೆ ಬೇಕಾದ ಇಂಧನವೆಂದರೆ ದೇಹದ ಕೊಬ್ಬು. ಹೊರಡುವ ಮುನ್ನ ಕೆಲವು ಜಾತಿಗಳ ತೂಕ ಅರ್ಧಕ್ಕೂ ಮಿಕ್ಕಿ ಏರುತ್ತದೆ. ಈ ಕೊಬ್ಬನ್ನು ಗಳಿಸುವುದು ಇಳಿತದ ಹೊತ್ತಿನಲ್ಲಿ ತೆರೆದುಕೊಳ್ಳುವ ಕೆಸರಿನ ಹುಳು, ಸಣ್ಣ ಏಡಿ, ಚಿಪ್ಪಿನ ಜೀವಿಗಳಿಂದ. ಭರತ ಬಂದೊಡನೆ ಊಟದ ಎಲೆ ಮುಚ್ಚಿತು. ಆದುದರಿಂದ ಆ ಕೆಲವೇ ಗಂಟೆಗಳಲ್ಲಿ ನಾಯಿ ಅಟ್ಟಿದರೂ, ಫೋಟೋ ತೆಗೆಯಲು ನಾವು ಹತ್ತಿರ ಹೋಗಿ ಎಬ್ಬಿಸಿದರೂ ಹಕ್ಕಿಗೆ ಎರಡು ನಷ್ಟ: ತಿನ್ನುವ ಸಮಯ ಹೋಯಿತು, ಕೂಡಿಟ್ಟ ಕೊಬ್ಬೂ ಹಾರಾಟದಲ್ಲಿ ಕರಗಿತು. ಕೆಸರಿನ ದಿಬ್ಬಕ್ಕೆ ಮಣ್ಣು ತುಂಬಿ ಮಟ್ಟ ಮಾಡಿದಲ್ಲಿ ನಷ್ಟ ಒಂದು ದಿನದ್ದಲ್ಲ.

ಇಂಥ ಕೆಸರು ಇನ್ನೂ ಚೆನ್ನಾಗಿ ಉಳಿದಿರುವ ಸ್ಥಳಕ್ಕೆ ಉದಾಹರಣೆ ಕುಮಟಾ ತಾಲೂಕಿನ ಅಘನಾಶಿನಿ ಅಳಿವೆ. ಈ ನದಿಗೆ ದೊಡ್ಡ ಅಣೆಕಟ್ಟಿಲ್ಲ. ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಸಾಣಿಕಟ್ಟೆಯ ಉಪ್ಪಿನಾಗರ, ಕಾಂಡ್ಲಾ ಕಾಡು, ಬಳಚು ಹೆಕ್ಕುವ ಹೆಂಗಸರು, ಹಕ್ಕಿಗಳು ಎಲ್ಲವೂ ಒಂದೇ ನೀರನ್ನು ಹಂಚಿಕೊಂಡಿವೆ. 4801 ಹೆಕ್ಟೇರಿನ ಈ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ರಾಮ್ಸಾರ್ ಮಾನ್ಯತೆ ದೊರಕಿತು. ಅದರೊಂದಿಗೇ ಮಾನ್ಯತೆ ಪಡೆದ ಗದಗ ಜಿಲ್ಲೆಯ ಮಾಗಡಿ ಕೆರೆಯಿಂದಲೂ ಇದೇ ದಿನಗಳಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹೊರಡುತ್ತವೆ. ಹಿಮಾಲಯ ದಾಟುವಾಗ ಈ ಜಾತಿಯ ಹಕ್ಕಿ 7000 ಮೀಟರಿಗೂ ಎತ್ತರದಲ್ಲಿ ಹಾರಿದ ದಾಖಲೆಯಿದೆ. ಹಗಲೆಲ್ಲ ಕೆರೆಯಲ್ಲಿ ತೂಕಡಿಸುವ ಬಾತು ಇಷ್ಟು ಸಾಹಸಿಯೆಂದು ನೋಡಿದವರಿಗೆ ಅನ್ನಿಸದು.

ಇನ್ನು ಇಲ್ಲಿಯೇ ಉಳಿಯುವವುಗಳ ವಿಷಯ. ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದನ್ನು ಹಲವರು ಕಂಡಿರಬಹುದು. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನ ಬಗ್ಗೆ ಹೇಳಬೇಕಾದುದಿಲ್ಲ. ಮರದ ಮೇಲಿನ ಗೂಡು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಾಣದೇ ಹೋಗುವುದು ನೆಲದ ಗೂಡು. ನದಿ ರೀವ ಎಂಬ ಹಕ್ಕಿ, ಹಳದಿ ಕೊಕ್ಕು, ಕವಲು ಬಾಲ, ಕರಿಯ ಟೋಪಿ, ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೇಳುವ ಮರಳ ದಿಬ್ಬದಲ್ಲಿ ಬರಿಯ ಗುಳಿ ಮಾಡಿ ಮೊಟ್ಟೆಯಿಡುತ್ತದೆ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ನಡುಗಡ್ಡೆಗಳು ಇದರ ದೊಡ್ಡ ನೆಲೆ. ನದಿಗಳಲ್ಲಿ ಮರಳು ತೆಗೆಯುವುದೂ, ಸಂಸಾರ ಸಮೇತ ದಿಬ್ಬಕ್ಕೆ ವಿಹಾರ ಹೋಗುವುದೂ ಇದೇ ತಿಂಗಳುಗಳಲ್ಲಿ. 2020ರಿಂದ ಈ ಹಕ್ಕಿ ಜಾಗತಿಕ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಜಾತಿಗಳ ಸಾಲಿನಲ್ಲಿದೆ.

ಟಿಟ್ಟಿಭದ ಮೊಟ್ಟೆಗಳಿಗೂ ಕಲ್ಲುಹರಳೇ ಹಾಸಿಗೆ. ಮಧ್ಯಾಹ್ನದ ಬಿಸಿಲಿಗೆ ತಾಯಿಹಕ್ಕಿ ನೀರಿಗಿಳಿದು ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ಅದು ತಲೆಯ ಮೇಲೆ ಕಿರುಚುತ್ತಾ ಸುತ್ತಿದರೆ ಗೂಡು ಸಮೀಪದಲ್ಲಿದೆ ಎಂದು ತಿಳಿದು ಬಂದ ದಾರಿಯಲ್ಲೇ ಹಿಂತಿರುಗುವುದು ಒಳ್ಳೆಯದು. ಹುಡುಕುತ್ತಾ ನಿಂತಷ್ಟು ಹೊತ್ತು ಮೊಟ್ಟೆ ಬಿಸಿಲಿನಲ್ಲಿರುತ್ತದೆ.

ಧರ್ಮಕೇಂದ್ರಗಳ ಯುವಜನರಿಗೂ ಕ್ರಿಸ್ತೋಪದೇಶದ ಮಕ್ಕಳಿಗೂ ಹಕ್ಕಿ ನೋಡಲು ದೂರ ಹೋಗಬೇಕಾಗಿಲ್ಲ. ನೇತ್ರಾವತಿ-ಗುರುಪುರ ನದಿಗಳ ಅಳಿವೆ, ಸಸಿಹಿತ್ಲು, ಕೋಡಿ ಬೆಂಗ್ರೆ, ಗಂಗೊಳ್ಳಿ ಇವುಗಳಲ್ಲಿ ಒಂದು ಹೆಚ್ಚಿನವರಿಗೆ ಹತ್ತಿರವೇ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ವಾರ್ಡಿನ ಮೀನುಗಾರರನ್ನು ಕೇಳಿದರೆ ಸರಿಯಾದ ಗಳಿಗೆ ಹೇಳಿಯಾರು. ಗುಂಪು ಸಣ್ಣದಿರಲಿ, ದಡದಲ್ಲೇ ನಿಲ್ಲಲಿ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಸಾಮಾನ್ಯ ಜನರೇ ಹಕ್ಕಿ ಎಣಿಸುವ ಕಾರ್ಯಕ್ರಮವಿದೆ. ಉತ್ತರ ಅಮೆರಿಕದಲ್ಲಿ 1998ರಲ್ಲಿ ತೊಡಗಿದ ಇದರಲ್ಲಿ ಭಾರತದವರು 2013ರಿಂದ ಸೇರುತ್ತಿದ್ದಾರೆ. ಕನಿಷ್ಠ 15 ನಿಮಿಷ ನೋಡಿ, ಕಂಡ ಜಾತಿ ಮತ್ತು ಸಂಖ್ಯೆಯನ್ನು ಇ-ಬರ್ಡ್ ತಾಣದಲ್ಲಿ ದಾಖಲಿಸಿದರೆ ಸಾಕು.

ಮೇ ಕಳೆದು ಮಳೆ ಹಿಡಿದ ಮೇಲೂ ಕೆಸರಿನಲ್ಲಿ ಬೂದು ಬಣ್ಣದ ಒಂದೆರಡು ಪ್ಲೋವರ್‌ಗಳು ಕಂಡರೆ ಅವು ಗಾಯಗೊಂಡು ಉಳಿದವೆಂದು ಭಾವಿಸಬೇಕಾಗಿಲ್ಲ. ಹೆಚ್ಚಾಗಿ ಅವು ಹಿಂದಿನ ವರ್ಷ ಹುಟ್ಟಿದ ಮರಿಗಳು. ಗೂಡು ಕಟ್ಟುವ ವಯಸ್ಸಾಗದ ಕಾರಣ ಮೊದಲ ಬೇಸಿಗೆಯನ್ನು ಇಲ್ಲಿಯೇ ಕಳೆಯುತ್ತವೆ.